ಸರಾಸರಿ ಹೋಲಿಸೋಕೆ ವೇರಿಯನ್ಸ್ ಯಾಕೆ?

ಅಭ್ಯಾಸ ಬೋಧನೆಯ ಎರಡನೇ ವಾರ ಮಾರ್ಗದರ್ಶಕರು ನನ್ನ ಪಾಠ ಯೋಜನೆಯ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಒಂದು ಸಾಲು ಬರೆದಿದ್ದರು: "ಪೂರ್ವಜ್ಞಾನ ಪರೀಕ್ಷಿಸದೆ ಸೂತ್ರಕ್ಕೆ ಧಾವಿಸಿದ್ದೀರಿ." ಅದು ಎಂಟನೇ ತರಗತಿಯ ಬೀಜಗಣಿತದ ಪಾಠ. ಮಕ್ಕಳು ಉತ್ತರ ಸರಿಯಾಗಿಯೇ ಹೇಳಿದ್ದರು. ಹಾಗಾಗಿ ಆ ಟೀಕೆ ಅನ್ಯಾಯ ಅನ್ನಿಸಿ ಎರಡು ದಿನ ಮನಸ್ಸಿನಲ್ಲೇ ಗೊಣಗಿಕೊಂಡೆ. ಅದರ ಅರ್ಥ ತಿಳಿದದ್ದು ಶಾಲೆಯಲ್ಲಲ್ಲ, ಆ ಭಾನುವಾರ ಅಕ್ಕನ ಜೊತೆ ಫೋನಿನಲ್ಲಿ ಮಾತಾಡಿದಾಗ.

ಅಕ್ಕ ಎಂಬಿಬಿಎಸ್ ಮುಗಿಸಿ ಒಂದು ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರ್ ಆಗಿದ್ದಾಳೆ. ನೀಟ್ ಪಿಜಿಗೆ ಇದು ಅವಳ ಎರಡನೇ ಪ್ರಯತ್ನ. ಮೊದಲ ಸಲ ರ‍್ಯಾಂಕ್ ಬಂದರೂ ಬೇಕಾದ ಸೀಟು ಸಿಗಲಿಲ್ಲ. ಸರಿ ಉತ್ತರಕ್ಕೆ 4 ಅಂಕ, ತಪ್ಪಿದರೆ 1 ಅಂಕ ಕಡಿತ ಇರುವ ಆ ಪರೀಕ್ಷೆಯಲ್ಲಿ ಸಂಖ್ಯಾಶಾಸ್ತ್ರದ ಪ್ರಶ್ನೆಗಳು ಬೆರಳೆಣಿಕೆಯಷ್ಟು. ಆದರೆ ಸೀಟು ತಪ್ಪುವುದೂ ಬೆರಳೆಣಿಕೆಯ ಅಂಕಗಳಲ್ಲೇ. ನೈಟ್ ಡ್ಯೂಟಿ ಮುಗಿಸಿ ಬಂದವಳು ಕೇಳಿದಳು: "ಅನೋವಾ ಒಂದು ಹೇಳಿಕೊಡೇ. ನೀನು ಬಿಎಸ್ಸಿಲಿ ಸ್ಟಾಟಿಸ್ಟಿಕ್ಸ್ ಓದಿದೀಯಲ್ಲ."

ನನಗೆ ಹಿಗ್ಗು. ಸಾಮಾನ್ಯವಾಗಿ ಹೇಳಿಕೊಡುವವಳು ಅವಳೇ. ಒಟ್ಟು ವರ್ಗಗಳ ಮೊತ್ತ, ಗುಂಪುಗಳ ನಡುವಿನದು, ಗುಂಪಿನೊಳಗಿನದು, ಡಿಗ್ರೀಸ್ ಆಫ್ ಫ್ರೀಡಂ, ಕೊನೆಗೆ ಎಫ್ ಎಂದು ಹತ್ತು ನಿಮಿಷ ಒಂದೇ ಉಸಿರಿಗೆ ಹೇಳಿದೆ. ಅವಳು ಸುಮ್ಮನೆ ಕೇಳಿಸಿಕೊಂಡು ಕೊನೆಗೆ ಅಂದಳು: "ಟೇಬಲ್ ಪುಸ್ತಕದಲ್ಲೂ ಇದೆ ಕಣೇ. ಮೂರು ಔಷಧಿಯ ಸರಾಸರಿ ಹೋಲಿಸ್ತೀವಿ ಅಂತೀಯ, ಹೆಸರು ನೋಡಿದ್ರೆ ವೇರಿಯನ್ಸ್ ವಿಶ್ಲೇಷಣೆ. ಸರಾಸರಿ ಹೋಲಿಸೋಕೆ ವೇರಿಯನ್ಸ್ ಯಾಕೆ?"

ಪದವಿ ಪರೀಕ್ಷೆಯಲ್ಲಿ ಇದೇ ಲೆಕ್ಕಕ್ಕೆ ನನಗೆ ಪೂರ್ತಿ ಅಂಕ ಬಂದಿತ್ತು. ಆದರೂ ಬಾಯಿಗೆ ಬಂದದ್ದು, "ಅದು ಹಾಗೇ ಇರೋದು ಅಕ್ಕ" ಅಂತ.

"ಮಕ್ಕಳಿಗೂ ಹೀಗೇ ಹೇಳ್ತೀಯಾ?" ಎಂದು ಕೇಳಿ ಫೋನ್ ಇಟ್ಟಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. ನನಗೆ ಚುಚ್ಚಿದ್ದು ಅದೇ.

ಆ ರಾತ್ರಿ ಹಳೆಯ ನೋಟ್ಸ್ ತೆಗೆದೆ. ಅದರಲ್ಲಿ ಟೇಬಲ್ ಇತ್ತು, ಅವಳ ಪ್ರಶ್ನೆಗೆ ಉತ್ತರ ಇರಲಿಲ್ಲ. ದಾರಿ ತೋರಿಸಿದ್ದು ಪರೀಕ್ಷೆಗೆ ಬರುವುದಿಲ್ಲವೆಂದು ನಾವೆಲ್ಲ ಹಾರಿಸಿ ಓದಿದ್ದ ಭಾಗ. ಈ ವಿಧಾನವನ್ನು ರೂಪಿಸಿದ ರೊನಾಲ್ಡ್ ಫಿಶರ್ 1919ರಲ್ಲಿ ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ ಸೇರಿದವರು. ಎಫ್ ಎಂಬ ಅಕ್ಷರ ಅವರ ಹೆಸರಿನದೇ. ಒಂದೇ ಬೀಜ, ಒಂದೇ ಗೊಬ್ಬರ ಹಾಕಿದರೂ ಅಕ್ಕಪಕ್ಕದ ಎರಡು ತಾಕುಗಳಲ್ಲಿ ಇಳುವರಿ ಒಂದೇ ಸಮ ಬರುವುದಿಲ್ಲ. ಹಾಗಿರುವಾಗ ಬೇರೆ ಗೊಬ್ಬರ ಹಾಕಿದ ತಾಕಿನಲ್ಲಿ ನಾಲ್ಕು ಸೇರು ಹೆಚ್ಚು ಬಂದರೆ ಅದು ಗೊಬ್ಬರದ ಗುಣವೋ ಮಣ್ಣಿನ ಗುಣವೋ? ಮಣ್ಣು ತಾನಾಗಿಯೇ ಎಷ್ಟು ಏರುಪೇರು ಮಾಡುತ್ತದೆ ಎಂದು ಅಳೆಯದೆ ಗೊಬ್ಬರದ ಬಗ್ಗೆ ಮಾತಾಡುವಂತಿಲ್ಲ. ಅಕ್ಕನಿಗೆ ಬೇಕಿದ್ದದ್ದು ಇಷ್ಟೇ.

ಮುಂದಿನ ಭಾನುವಾರ ವಿಡಿಯೋ ಕಾಲ್ ಮಾಡಿದೆ. ಈ ಸಲ ಪ್ರಶ್ನೆಯಿಂದ ಶುರು: "ಒಂದೇ ಮಾತ್ರೆ ತಗೊಂಡ ಮೂರು ಜನಕ್ಕೆ ಬಿಪಿ ಒಂದೇ ಸಮ ಇಳಿಯುತ್ತಾ ಅಕ್ಕ?"

ನಕ್ಕಳು. "ಮೂರು ಜನ ಬಿಡು, ಒಬ್ಬರಿಗೇ ಬೆಳಿಗ್ಗೆ ಒಂದು ರೀಡಿಂಗ್, ಸಂಜೆ ಒಂದು."

ಅವಳ ಪೂರ್ವಜ್ಞಾನ ವಾರ್ಡಿನಲ್ಲಿತ್ತು. ಹಿಂದಿನ ವಾರ ನಾನು ಅದನ್ನು ಕೇಳಿಯೇ ಇರಲಿಲ್ಲ.

ಲೆಕ್ಕ ಸುಲಭವಾಗಲೆಂದು ನಾನೇ ಕಟ್ಟಿಕೊಂಡ ಅಂಕಿಗಳನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಮೂರು ಔಷಧಿ, ಒಂದೊಂದಕ್ಕೆ ಮೂವರು ರೋಗಿಗಳು, ಬಿಪಿ ಇಳಿದ ಪ್ರಮಾಣ. ಮೊದಲ ಗುಂಪು 8, 10, 12. ಎರಡನೆಯದು 12, 14, 16. ಮೂರನೆಯದು 16, 18, 20. ಸರಾಸರಿಗಳು 10, 14, 18. ಕೆಳಗೆ ಇನ್ನೊಂದು ಪಟ್ಟಿ: 2, 10, 18, 6, 14, 22, 10, 18, 26. ಸರಾಸರಿಗಳು ಮತ್ತೆ ಅವೇ 10, 14, 18.

"ಯಾವ ಪಟ್ಟಿ ನೋಡಿ ಔಷಧಿಗಳಲ್ಲಿ ವ್ಯತ್ಯಾಸ ಇದೆ ಅಂತ ನಂಬ್ತೀಯ?"

"ಮೇಲಿನದು," ಅಂದಳು, ಯೋಚಿಸದೆ. "ಕೆಳಗಿನದರಲ್ಲಿ ಒಂದೇ ಔಷಧಿಗೆ 2 ಇಳಿದವರೂ ಇದ್ದಾರೆ, 18 ಇಳಿದವರೂ ಇದ್ದಾರೆ. ಇದರಲ್ಲಿ 4 ಪಾಯಿಂಟ್ ಹೆಚ್ಚುಕಡಿಮೆಗೆ ಏನು ಬೆಲೆ?" ಹೇಳಿ ಒಂದು ಕ್ಷಣ ಸುಮ್ಮನಾದಳು. "ಓ... ಅದಕ್ಕೇ ವೇರಿಯನ್ಸಾ?"

ಆಮೇಲೆ ಲೆಕ್ಕ ಮಾಡಿದ್ದು ಅವಳೇ. ಗುಂಪುಗಳ ನಡುವಿನ ವರ್ಗಗಳ ಮೊತ್ತ ಎರಡೂ ಪಟ್ಟಿಗೆ 96, ಅದನ್ನು 2ರಿಂದ ಭಾಗಿಸಿದರೆ 48. ಗುಂಪಿನೊಳಗಿನದು ಮೇಲಿನ ಪಟ್ಟಿಗೆ 24, 6ರಿಂದ ಭಾಗಿಸಿದರೆ 4. ಕೆಳಗಿನದಕ್ಕೆ 384, ಭಾಗಿಸಿದರೆ 64. ಮೇಲೆ ಎಫ್ 12, ಕೆಳಗೆ 0.75. ಶೇಕಡಾ 5ರ ಮಟ್ಟದಲ್ಲಿ ದಾಟಬೇಕಾದ ಗೆರೆ 5.14. ಮೊದಲನೆಯದು ದಾಟಿತು, ಎರಡನೆಯದು ಹತ್ತಿರಕ್ಕೂ ಬರಲಿಲ್ಲ. ಟೇಬಲ್ ಮಾತ್ರ ಹಿಂದಿನ ವಾರದ್ದೇ.

ಅವಳು ಬಿಡಲಿಲ್ಲ. "ಎರಡೆರಡೇ ಗುಂಪು ತಗೊಂಡು ಮೂರು ಸಲ ಟಿ-ಟೆಸ್ಟ್ ಮಾಡಿದ್ರೆ ಏನು ತಪ್ಪು?" ಇದಕ್ಕೆ ಈ ಸಲ ತಯಾರಾಗಿದ್ದೆ. ನಿಜವಾಗಿ ವ್ಯತ್ಯಾಸ ಇಲ್ಲದಾಗಲೂ ಒಂದು ಟೆಸ್ಟಿನಲ್ಲಿ ಇದೆ ಎಂದು ತಪ್ಪು ಹೇಳುವ ಸಂಭವ ಶೇಕಡಾ 5. ಮೂರು ಸಲ ಮಾಡಿದರೆ ಒಂದರಲ್ಲಾದರೂ ತಪ್ಪು ಹೇಳುವ ಸಂಭವ 1ರಿಂದ 0.95ರ ಘನವನ್ನು ಕಳೆದಷ್ಟು, ಅಂದರೆ ಶೇಕಡಾ 14ರ ಹತ್ತಿರ. (ಮೂರೂ ಹೋಲಿಕೆಗಳು ಪೂರ್ತಿ ಸ್ವತಂತ್ರವಲ್ಲ, ಹಾಗಾಗಿ ನಿಜವಾದ ಸಂಖ್ಯೆ ಸ್ವಲ್ಪ ಕಡಿಮೆ. ಅಕ್ಕನಿಗೆ ಅದನ್ನೂ ಹೇಳಿದೆ. ಅಷ್ಟು ಸೂಕ್ಷ್ಮ ಬೇಡ ಅಂದಳು.) ಐದು ಗುಂಪುಗಳಾದರೆ ಹತ್ತು ಜೋಡಿ, ಆಗ ಇದೇ ಲೆಕ್ಕ ಶೇಕಡಾ 40 ಮುಟ್ಟುತ್ತದೆ. ಅನೋವಾ ಎಲ್ಲ ಗುಂಪುಗಳನ್ನೂ ಒಂದೇ ಪ್ರಶ್ನೆಯಲ್ಲಿ ಕೇಳುತ್ತದೆ. ಎಲ್ಲೋ ಒಂದು ಕಡೆ ವ್ಯತ್ಯಾಸ ಇದೆ ಎನ್ನುತ್ತದೆಯೇ ಹೊರತು ಯಾವ ಔಷಧಿಯಲ್ಲಿ ಎಂದು ಹೇಳುವುದಿಲ್ಲ. ಅದಕ್ಕೆ ಆಮೇಲೆ ಟ್ಯೂಕಿ ಮುಂತಾದ ಪರೀಕ್ಷೆಗಳಿವೆ.

ಇಲ್ಲಿಗೆ ನಿಲ್ಲಿಸಿದ್ದರೆ ಪಾಠ ಚೆನ್ನಾಗಿಯೇ ಮುಗಿಯುತ್ತಿತ್ತು. ಮೌಲ್ಯಮಾಪನದ ಹಂತ ಅಂತ ಒಂದಿದೆಯಲ್ಲ! ಕೇಳಿದೆ: "ಮೂರು ಔಷಧಿ, ಒಂದೊಂದರಲ್ಲಿ ಎಷ್ಟು ಜನ ಗುಣವಾದ್ರು, ಎಷ್ಟು ಜನ ಆಗಲಿಲ್ಲ ಅಂತ ಕೊಟ್ಟಿದ್ದಾರೆ. ಯಾವ ಟೆಸ್ಟ್?" ಅವಳು ತಕ್ಷಣ "ಅನೋವಾ" ಅಂದಳು. ಮೂರು ಗುಂಪು ಅಂದರೆ ಅನೋವಾ ಎಂದು ಯಾವುದೋ ಕೋಚಿಂಗ್ ನೋಟ್ಸ್ ಕಲಿಸಿತ್ತು. ನಾನು ಉತ್ತರ ಹೇಳಲಿಲ್ಲ. "ಗುಣವಾದವರು, ಆಗದವರು ಅನ್ನೋದಕ್ಕೆ ಬಿಪಿ ಥರ ಸರಾಸರಿ ತೆಗೀತೀವಾ?" ಅಂತಷ್ಟೇ ಕೇಳಿದೆ. ಸ್ವಲ್ಪ ಹೊತ್ತು ಬಿಟ್ಟು "ತಲೆ ಎಣಿಸ್ತೀವಿ. ಕೈ-ಸ್ಕ್ವೇರ್" ಅಂದಳು. ಆ ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಂಡಿರುವುದು ನನಗೆ ಇಡೀ ಪಾಠದಲ್ಲೇ ಕಷ್ಟವಾದ ಕೆಲಸ.

ಅವಳ ಪರೀಕ್ಷೆ ಇನ್ನೂ ಬಾಕಿಯಿದೆ. ಮೊನ್ನೆ ರಾತ್ರಿ ಹನ್ನೊಂದಕ್ಕೆ ಒಂದು ಪ್ರಶ್ನೆಯ ಫೋಟೋ ಕಳಿಸಿದ್ದಳು: 20 ರೋಗಿಗಳ ಬಿಪಿ, ಚಿಕಿತ್ಸೆಗೆ ಮೊದಲು, ಒಂದು ತಿಂಗಳ ನಂತರ, ಮೂರು ತಿಂಗಳ ನಂತರ. ನಾನು ಮಾರನೇ ದಿನದ ಪಾಠಕ್ಕೆ ಚಾರ್ಟ್ ಬರೆಯುತ್ತಿದ್ದವಳು "ಒನ್ ವೇ ಅನೋವಾ" ಎಂದು ಟೈಪ್ ಮಾಡಿ ಕಳಿಸಿದೆ. ಎರಡೇ ನಿಮಿಷದಲ್ಲಿ ಉತ್ತರ ಬಂತು: "ಮೂರು ಸಲವೂ ಅದೇ ರೋಗಿಗಳು ಕಣೇ. ರಿಪೀಟೆಡ್ ಮೆಷರ್ಸ್ ಅನೋವಾ. ಪ್ರಶ್ನೆ ಪೂರ್ತಿ ಓದು."