ಮಣ್ಣಿಲ್ಲದ ಗಿಡದ ಬೆಳವಣಿಗೆ

ನಮ್ಮ ಊರಾದ ಅಷ್ಟೂರದಲ್ಲಿ ಮಣ್ಣಿಲ್ಲದ ಎಡೆಯಲ್ಲಿ ಬೆಳೆಯುವ ಗಿಡವೆಂದರೆ ಜನರಿಗೆ ಅಚ್ಚರಿಗಿಂತ ಅಂಜಿಕೆಯೇ ಹೆಚ್ಚು. ಬೀದರ ಪಟ್ಟಣದ ಮೂಡಲಿಗಿರುವ ಈ ಊರ ಬಯಲಿನಲ್ಲಿ ಬಹಮನಿ ಸುಲ್ತಾನರ ಗುಂಬಜಗಳು ಸಾಲುಗಟ್ಟಿ ನಿಂತಿರುವುದನ್ನು ವಾಚಕರಲ್ಲಿ ಹಲವರು ಕಂಡಿರಬಹುದು. ಹಕ್ಕಿಯು ಉದುರಿಸಿದ ಅರಳಿಯ ಬೀಜವೊಂದು ಅಂಥ ಹಳೆಯ ಗಾರೆಯ ಬಿರುಕಿನಲ್ಲಿ ನೆಲೆಗೊಂಡಿತೆಂದರೆ ಮೊದಲು ಕಾಣುವುದು ಎರಡೆಲೆ ಮಾತ್ರ; ಕೆಲವು ಮಳೆಗಾಲಗಳು ಕಳೆಯುವಷ್ಟರಲ್ಲಿ ಬೇರುಗಳು ಕಲ್ಲಿನ ಸಂದುಗಳನ್ನು ಹೊಕ್ಕು ಗೋಡೆಯನ್ನೇ ಬಿರಿಯಿಸತೊಡಗುವುವು. 1461ರಲ್ಲಿ ತೀರಿಕೊಂಡ ಹುಮಾಯೂನ ಶಹನ ಗೋರಿಯ ಗುಂಬಜವು ಸಿಡಿಲು ಬಡಿದು ಸೀಳಿತೆಂದು ಹೇಳುವರು. ನಮ್ಮ ತಾಯಿಯವರು ಮಾತ್ರ ಸಿಡಿಲಿನ ಜೊತೆಗೆ ಅರಳಿಯನ್ನೂ ಅಪರಾಧಿಯೆಂದೇ ಎಣಿಸುತ್ತಾರೆ.

ಆದುದರಿಂದ, ಏಳು ವರ್ಷಗಳ ಹಿಂದೆ ಬೆಂಗಳೂರಿನಲ್ಲಿರುವ ನನ್ನ ಮಗಳು ರಟ್ಟಿನ ಪೆಟ್ಟಿಗೆಯೊಳಗಿಂದ ಒಂದು ಗಾಳಿಗಿಡವನ್ನು ತೆಗೆದು ಅಜ್ಜಿಯ ಮುಂದೆ ಹಿಡಿದಾಗ ಮನೆಯಲ್ಲಿ ನಡೆದುದನ್ನು ನೀವು ಊಹಿಸಬಹುದು. ಅದು ಆಗ ಗೇಣಗಲದ, ಬೂದಿಬಣ್ಣದ, ಎಲೆಗಳ ತುದಿಯೆಲ್ಲ ಸುರುಳಿ ಸುತ್ತಿಕೊಂಡ ಒಂದು ಗುಚ್ಛ.

"ಮಣ್ಣು ಬ್ಯಾಡ, ಕುಂಡ ಬ್ಯಾಡ ಅಂದ್ರ ಇದರ ಬೇರು ಎಲ್ಲಿ ಹೋಗ್ತಾವ? ನಮ್ಮ ಗ್ವಾಡಿಗೇ ಹೋಗ್ತಾವ. ಎಷ್ಟು ದೊಡ್ಡದಾಗ್ತದವ್ವಾ ಇದು?" ಎಂದು ತಾಯಿಯವರು ಕೇಳಿದರು.

ಮಗಳಿಗೂ ಅದು ತಿಳಿಯದು, ನನಗೂ ತಿಳಿಯದು. ಅಜ್ಜಿಯು ಹೊರಗಿಡು ಎಂದರು. ಮೊಮ್ಮಗಳು ಕಣ್ಣೀರು ತಂದುಕೊಂಡಳು. ಕಡೆಗೆ, ಗೋಡೆಗೆ ಸೋಂಕದಂತೆ ಪಡಸಾಲೆಯ ಮೂಡಲ ಕಿಟಕಿಯ ಮುಂದೆ ನೂಲಿನ ಹಗ್ಗದಲ್ಲಿ ತೂಗಬಿಡುವುದೆಂದೂ, ಅದು ಕಿಟಕಿಗಿಂತ ದೊಡ್ಡದಾದ ದಿನ ಮನೆಯಿಂದ ಹೊರಗೆ ಕಳಿಸುವುದೆಂದೂ ಒಡಂಬಡಿಕೆಯಾಯಿತು. ಆ ಒಡಂಬಡಿಕೆಯ ಭಾರವು ಮನೆಯಲ್ಲಿರುವವನಾದ ನನ್ನ ಮೇಲೆ ಬಿದ್ದಿತು.

ಈ ಗಿಡದ ಕುಲಕ್ಕೆ ಟಿಲ್ಯಾಂಡ್ಸಿಯಾ ಎಂದು ಹೆಸರು. ಅನಾನಸಿನ ಬಳಗಕ್ಕೆ ಸೇರಿದುದು. ತವರು ಅಮೆರಿಕ ಖಂಡಗಳು. ನಮ್ಮದು ಅದರಲ್ಲಿ ಝೆರೋಗ್ರಾಫಿಕಾ ಎಂಬ ಜಾತಿ. ಮೆಕ್ಸಿಕೋ, ಗ್ವಾಟೆಮಾಲಾ, ಎಲ್ ಸಾಲ್ವಡೋರ್ ದೇಶಗಳ ಒಣ ಕಾಡಿನಲ್ಲಿ ಮರದ ಕೊಂಬೆಗಳ ಮೇಲೆ ಬಾಳುತ್ತದೆ. ಕುಲದಲ್ಲಿ ಎರಡು ಮೂರು ಅಂಗುಲಕ್ಕೆ ನಿಲ್ಲುವ ಅಯೊನಾಂಥಾದಂಥ ಕುಳ್ಳ ಜಾತಿಗಳೂ ಉಂಟು. ಆದರೆ ಮಗಳು ತಂದುದು ದೊಡ್ಡವರ ಸಾಲಿನದು. ತವರಿನ ಬಿಸಿಲು ಮಳೆಗಳಲ್ಲಿ ಇದು ಮೂರು ಅಡಿ ಅಗಲಕ್ಕೂ ಬೆಳೆಯಬಲ್ಲುದೆಂದು ಓದಿ ನನ್ನ ಎದೆ ನಡುಗಿತು. ನಮ್ಮ ಕಿಟಕಿಯ ಅಗಲ ಎರಡೂವರೆ ಅಡಿ!

ಬೇರಿನ ವಿಷಯದಲ್ಲಿ ಮಾತ್ರ ತಾಯಿಯವರಿಗೆ ಧೈರ್ಯ ಹೇಳುವುದು ಸುಲಭವಾಯಿತು. ಅರಳಿಯ ಬೇರು ನೀರನ್ನರಸಿ ಕಲ್ಲನ್ನು ಹೊಗುವುದು. ಬದನಿಕೆಯು ತಾನೇರಿದ ಮರದ ರಸವನ್ನೇ ಹೀರುವುದು. ಈ ಗಿಡದ ಬೇರಾದರೋ ಕೊಂಬೆಯನ್ನು ಹಿಡಿದುಕೊಳ್ಳುವ ಕೈ ಮಾತ್ರ. ಕುಡಿಯುವ ಕೆಲಸವೆಲ್ಲ ಎಲೆಯದು. ಎಲೆಯ ಮೇಲೆ ವಿಭೂತಿ ಬಳಿದಂತೆ ಕಾಣುವ ಬಿಳುಪು ಅಸಂಖ್ಯ ಸೂಕ್ಷ್ಮ ಬಿಲ್ಲೆಗಳಿಂದಾದುದು. ನೀರು ಬಿದ್ದೊಡನೆ ಅವು ಹೀರಿಕೊಳ್ಳುವುವು. ನಮ್ಮ ತಲೆಬಾಗಿಲಿನ ಮೇಲೆ ದೃಷ್ಟಿ ತಾಗದಿರಲೆಂದು ತಲೆಕೆಳಗಾಗಿ ಕಟ್ಟಿದ ಲೋಳೆಸರವನ್ನು ತೋರಿಸಿ, "ಅವ್ವಾ, ಅದಕ್ಕೂ ಮಣ್ಣಿಲ್ಲವಲ್ಲ" ಎಂದೆನು. "ಅದು ದಿನಾ ಸೊರಗ್ತದ, ಇದು ದಿನಾ ಬೆಳೀತದ" ಎಂದು ಅವರು ಉತ್ತರವಿತ್ತರು. ಮಾತು ನಿಜ: ಲೋಳೆಸರವು ತನ್ನ ಎಲೆಯಲ್ಲಿ ಕೂಡಿಟ್ಟ ಗಂಟನ್ನು ಕರಗಿಸಿ ಬದುಕುವುದೇ ಹೊರತು ಗಾಳಿಯಲ್ಲಿ ಬೆಳೆಯುವುದಿಲ್ಲ.

ಆದರೆ 'ದಿನಾ' ಎಂಬುದು ಸ್ವಲ್ಪ ಅತಿಶಯೋಕ್ತಿ. ಈ ಗಿಡದಷ್ಟು ನಿಧಾನವಾದ ಪ್ರಾಣಿಯನ್ನು ನಾನು ಕಂಡಿಲ್ಲ. ನೀರು ಆರಿಹೋಗದಂತೆ ಇದು ಹಗಲು ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ತೆರೆದು ಗಾಳಿಯಿಂದ ಆಹಾರದ ಅಂಶವನ್ನು ಎಳೆದುಕೊಂಡು, ಹುಳಿಯ ರೂಪದಲ್ಲಿ ಕಾಪಿಟ್ಟು, ಹಗಲಿನ ಬೆಳಕಿನಲ್ಲಿ ಬಳಸುತ್ತದೆ. ಕಾಡುಬಸಳೆಯ ನಡತೆಯೂ ಇದೇ. ಅದರ ಎಲೆ ಮುಂಜಾನೆ ಹುಳಿಯಾಗಿದ್ದು ಮಧ್ಯಾಹ್ನದ ಹೊತ್ತಿಗೆ ಸಪ್ಪೆಯಾಗುವುದನ್ನು ನಾಲಗೆಯಿಂದಲೇ ಕಂಡುಕೊಂಡು 1815ರಲ್ಲಿ ಪ್ರಕಟಿಸಿದವನು ಬೆಂಜಮಿನ್ ಹೈನ್. ಬೆಂಗಳೂರಿನ ಲಾಲಬಾಗನ್ನು ಕಂಪನಿ ಸರಕಾರದ ಪರವಾಗಿ ಕೆಲಕಾಲ ನೋಡಿಕೊಂಡಿದ್ದ ಸಸ್ಯಶಾಸ್ತ್ರಜ್ಞನೇ ಅವನು. ಇಂಥ ಜಿಪುಣ ಸಂಸಾರದಲ್ಲಿ ಬೆಳವಣಿಗೆ ಬೇಗನೆ ಆಗುವುದೆಂತು? ನಮ್ಮ ಗಿಡವು ಗೇಣಿನಿಂದ ಮೊಳವಾಗಲು ಐದು ವರ್ಷ ಹಿಡಿಯಿತು.

ಆ ಐದು ವರ್ಷಗಳಲ್ಲಿ ನಾನು ಮಾಡಿದ ತಪ್ಪುಗಳನ್ನೂ ಹೇಳಿಬಿಡುವೆನು. ಮೊದಲನೆಯ ಬೇಸಗೆಯಲ್ಲಿ, ಅಂದವಾಗಿ ಕಾಣಲೆಂದು ಗಿಡವನ್ನು ಇಳಿಸಿ ಬಿದರಿ ಕುಸುರಿನ ಬಟ್ಟಲಿನಲ್ಲಿ ಇರಿಸಿ, ತಾಮ್ರದ ಕೊಡದ ನೀರನ್ನು ಚಿಮುಕಿಸಿದೆನು. ಬಿದರಿಯು ಸತುವಿಗೆ ಕೊಂಚ ತಾಮ್ರ ಬೆರೆಸಿದ ಎರಕ. ನಮಗೆ ಹಿತವಾದ ತಾಮ್ರವು ಈ ಬಳಗದ ಗಿಡಗಳಿಗೆ ವಿಷವಂತೆ. ಅದರ ಮೇಲೆ ಬಟ್ಟಲಿನ ತಳದಲ್ಲಿ ನೀರೂ ನಿಂತಿತು. ಕೆಳಗಿನ ನಾಲ್ಕು ಎಲೆಗಳು ಕಂದಿ ಕಳಚಿದುವು. ಅಂದಿನಿಂದ ಮಳೆಯ ನೀರನ್ನು ಹಿಡಿದಿಟ್ಟು, ವಾರಕ್ಕೊಮ್ಮೆ ಬೆಳಗಿನಲ್ಲಿ ಮಣ್ಣಿನ ಬೋಗುಣಿಯಲ್ಲಿ ಅರ್ಧ ಗಂಟೆ ಅದ್ದಿ, ತಲೆಕೆಳಗಾಗಿಸಿ ಕೊಡವಿ, ಗಾಳಿಯಲ್ಲಿ ಆರಲು ಬಿಡುತ್ತೇನೆ. ಸಂಜೆ ತೊಯ್ಯಿಸಿದರೆ ರಾತ್ರಿಯ ಉಸಿರು ಕಟ್ಟುವುದು. ಸುಳಿಯಲ್ಲಿ ನೀರು ನಿಂತರೆ ಕೊಳೆಯುವುದು.

ಎರಡನೆಯ ತಪ್ಪು ಇದಕ್ಕಿಂತ ಕೆಟ್ಟದು. ನಾಲ್ಕನೆಯ ವರ್ಷ ಮೂರು ಎಲೆಗಳು ಕಿಟಕಿಯ ಕದಕ್ಕೆ ತಾಗತೊಡಗಿದುವು. ಒಡಂಬಡಿಕೆಯ ನೆನಪಾಗಿ, ತಾಯಿಯವರು ಕಾಣುವ ಮುನ್ನವೇ ಕತ್ತರಿಯಿಂದ ಅವನ್ನು ಅರ್ಧಕ್ಕೆ ಕತ್ತರಿಸಿದೆನು. ತುಳಸಿಯ ಕುಡಿ ಚಿವುಟಿದರೆ ಪಕ್ಕದಲ್ಲಿ ಚಿಗುರುವುದು, ಇದರಲ್ಲಿ ಹಾಗಿಲ್ಲ. ಬೆಳವಣಿಗೆಯೆಲ್ಲ ನಡುವಿನ ಸುಳಿಯಲ್ಲಿ. ಕೊಯ್ದ ಎಲೆಯು ಕೊಯ್ದಂತೆಯೇ, ಕಂದು ಅಂಚಿನ ಮೋಟಾಗಿ ವರ್ಷಗಟ್ಟಲೆ ನಿಂತಿತು. ಒಣಗಿದ ತುದಿಯನ್ನು ಓರೆಯಾಗಿ ಕತ್ತರಿಸಿ ಚೊಕ್ಕಟಗೊಳಿಸಬಹುದೇ ಹೊರತು, ಹಸಿ ಎಲೆಯನ್ನು ಕೊಯ್ದು ಗಿಡವನ್ನು ಕಿರಿದುಮಾಡುವುದು ಆಗದ ಮಾತು. ಬೇಕಾದರೆ ನೀರಿನಲ್ಲಿ ತುಸು ಬಿಗಿ ಹಿಡಿಯಬಹುದು: ನೀರು ಕಡಿಮೆಯಾದಾಗ ಎಲೆಗಳು ಬಿಗಿಯಾಗಿ ಸುರುಳಿಗೊಂಡು ಗಿಡವು ಅಡಕವಾಗಿ ಕಾಣುವುದು; ಹೆಚ್ಚಾದಾಗ ಸುರುಳಿ ಬಿಚ್ಚಿ ಹರಡುವುದು. ಅದಕ್ಕೂ ಮಿತಿಯುಂಟು, ಮಗುವು ದೊಡ್ಡದಾಗದಿರಲೆಂದು ಅನ್ನ ಕಡಿಮೆ ಮಾಡುವವರನ್ನು ಯಾರು ಮೆಚ್ಚುವರು? ನಾನು ಹಗ್ಗವನ್ನು ಒಂದು ಅಡಿ ಈಚೆಗೆ ಸರಿಸಿದೆನು. ಇಷ್ಟು ಸುಲಭದ ಉಪಾಯವು ಕತ್ತರಿ ಹಿಡಿಯುವ ಮೊದಲೇ ಹೊಳೆಯಲಿಲ್ಲ.

ಮೋಟಾದ ಎಲೆಗಳನ್ನು ತಾಯಿಯವರು ಅಂದೇ ಕಂಡಿದ್ದರಂತೆ. ಆಗ ಏನೂ ಆಡಲಿಲ್ಲ. ಆರನೆಯ ವರ್ಷ ಸುಳಿಯಿಂದ ಕೆಂಪು ಹಸುರು ಬೆರೆತ ಹೂದಂಡವೆದ್ದು ತಿಂಗಳುಗಟ್ಟಲೆ ಬಾಡದೆ ನಿಂತಾಗ, ನೆರೆಮನೆಯ ಹೆಂಗಸರನ್ನು ಕರೆದು ತೋರಿಸಿದವರು ಅವರೇ. "ನನ್ನ ಮಗ ಇದರ ಕೈ ಕತ್ತರಿಸ್ಯಾನ, ಆದರೂ ಹೂ ಬಿಟ್ಟದ" ಎಂದು ಬಂದವರಿಗೆಲ್ಲ ಹೇಳಿದರು.

ಅವರಿಗೆ ಹೇಳಬೇಕಾಗಿದ್ದ ಒಂದು ಸಂಗತಿಯನ್ನು ನಾನು ಹಲವು ದಿನ ತಡೆದೆನು. ಈ ಗಿಡವು ಬಾಳಿನಲ್ಲಿ ಒಮ್ಮೆಯೇ ಹೂಬಿಟ್ಟು, ಮರಿಗಳನ್ನು ಹಾಕಿ, ಮೆಲ್ಲಮೆಲ್ಲನೆ ಒಣಗುವುದು; ಬಾಳೆಯಂತೆ. ಹೂವಾದ ಮೇಲೆ ತಾಯಿಗಿಡ ದೊಡ್ಡದಾಗುವುದಿಲ್ಲ. ಕಿಟಕಿಯನ್ನು ಮೀರುವುದೇನಿದ್ದರೂ ಮರಿಗಳನ್ನು ಬಿಡಿಸದೆ ಬಿಟ್ಟರೆ ಕೂಡಿ ಬೆಳೆದ ಗುಂಪು. ಕೇಳಿ ತಾಯಿಯವರು ತುಸು ಹೊತ್ತು ಸುಮ್ಮನಿದ್ದು, "ಬಾಳಿ ಗಿಡದ್ದೂ ಹಂಗ ಅಲ್ಲೇನು" ಎಂದರು. ಮರಿಗಳು ಮೂರು. ತಾಯಿಯ ಮೂರನೆಯ ಒಂದು ಪಾಲಾದರೂ ಬೆಳೆಯುವವರೆಗೆ ಬಿಡಿಸಬಾರದೆಂಬುದು ಬೆಳೆಸುವವರ ನಿಯಮ; ಅಷ್ಟೂ ಸಾಲದು, ಅರ್ಧವಾಗಲಿ ಎಂಬುದು ನಮ್ಮ ತಾಯಿಯವರ ಆಜ್ಞೆ. ಕೊಳ್ಳುವವರಿಗೆ ಒಂದು ಮಾತು: ಕಾಡಿನಿಂದ ಮಿತಿಮೀರಿ ಕಿತ್ತು ಮಾರಿದುದರಿಂದ ಈ ಜಾತಿಯ ವ್ಯಾಪಾರವು 1992ರಿಂದ ಅಂತರರಾಷ್ಟ್ರೀಯ ಒಪ್ಪಂದದ ಕಟ್ಟಿಗೆ ಒಳಪಟ್ಟಿದೆ. ಇಂಥ ಮರಿಗಳಿಂದ ಬೆಳೆಸಿದ ಗಿಡವನ್ನೇ ಕೇಳಿ ಕೊಳ್ಳಿರಿ.

ಹೋಳಿಯ ಬಳಿಕ ನಮ್ಮೂರಿನಲ್ಲಿ ಅಹಮದ ಶಹ ವಲಿಯ ಜಾತ್ರೆ; ಹಿಂದೂಗಳೂ ಮುಸಲ್ಮಾನರೂ ಕೂಡಿ ನಡೆಸುವ ಆ ಜಾತ್ರೆಗೆ ಮಗಳು ಈ ವರ್ಷವೂ ಬಂದಿದ್ದಳು. ಒಂದು ಮರಿಯನ್ನು ತಾಯಿಯವರೇ ತಿರುವಿ ಬಿಡಿಸಿ, ಹಳೆಯ ಧೋತರದ ತುಂಡಿನಲ್ಲಿ ಸುತ್ತಿ ಅವಳ ಮಡಿಲಿಗಿಟ್ಟರು. ಎರಡನೆಯದು ಹಗ್ಗದಲ್ಲಿ ತಾಯಿಯ ಜೊತೆಗೇ ಇದೆ. ಮೂರನೆಯದನ್ನು ಎಲ್ಲಿಡುವುದೆಂದು ನಾನು ಕೇಳಿದಾಗ ಅವರು ಗೋಡೆಯ ಗೂಟವನ್ನು ತೋರಿಸಿದರು.