ಗೋಡೆ ಮಾತ್ರ ಉಳಿದಿದೆ

ಪಿಟ್ಸ್‌ಬರ್ಗಿಗೆ ಹೋಗಿ ಬಂದೆನೆಂದರೆ ನಮ್ಮವರು ಕೇಳುವ ಮೊದಲ ಪ್ರಶ್ನೆ, ವೆಂಕಟೇಶ್ವರನ ದರ್ಶನವಾಯಿತೇ ಎಂದು. ಆಯಿತು. ಆದರೆ ನಾನು ಹೇಳಹೊರಟಿರುವುದು ಅದೇ ಊರಿನ ಇನ್ನೊಂದು ಸ್ಥಳದ ಸಂಗತಿ. ಅಲ್ಲಿ ಗುಡಿಯಿಲ್ಲ, ಗೋಪುರವಿಲ್ಲ. ಇರುವುದು ಇಟ್ಟಿಗೆಯ ಹಳೆಯ ಗೋಡೆಯೊಂದೇ.

ಅಕ್ಟೋಬರ್ 13ರ ಮಧ್ಯಾಹ್ನ ಮಗ ನಮ್ಮಿಬ್ಬರನ್ನೂ ಅಲ್ಲಿಗೆ ಕರೆದೊಯ್ದ. ಓಕ್‌ಲ್ಯಾಂಡ್ ಎಂಬ ಬಡಾವಣೆ, ವಿಶ್ವವಿದ್ಯಾಲಯದ ಮಗ್ಗುಲು. ಗೋಡೆಯ ಮುಂದೆ ಮಡಚುವ ಕುರ್ಚಿಗಳಲ್ಲಿ ಕುಳಿತು, ತಲೆ ನರೆತ ಹೆಂಗಸರೂ ಗಂಡಸರೂ ಬೇಸ್‌ಬಾಲ್ ಆಟದ ವಿವರಣೆ ಕೇಳುತ್ತಿದ್ದರು.

“ಯಾವ ಆಟವೋ ಇದು?” ಎಂದೆ.

“1960ರದ್ದು, ಅಪ್ಪಾ” ಎಂದ.

ಮುಗಿದುಹೋದ ಪಂದ್ಯವನ್ನು ಇಷ್ಟು ಶ್ರದ್ಧೆಯಿಂದ ಕೇಳುವುದುಂಟೇ? ನನಗೆ ನಗು ಬಂತು. ಆ ಸ್ಥಳದ ಕಥೆ ಕೇಳಿದ ಮೇಲೆ ನಗು ಅಡಗಿತು.

ಆ ಗೋಡೆ ಫೋರ್ಬ್ಸ್ ಫೀಲ್ಡ್ ಎಂಬ ಕ್ರೀಡಾಂಗಣದ್ದು. ಕಟ್ಟಿಸಿದವನು ಪೈರೇಟ್ಸ್ ತಂಡದ ಒಡೆಯ ಬಾರ್ನಿ ಡ್ರೈಫಸ್. ಅವನೂ ನಮ್ಮ ಹಾಗೆ ಊರು ಬಿಟ್ಟವನೇ. 1865ರಲ್ಲಿ ಜರ್ಮನಿಯಲ್ಲಿ ಹುಟ್ಟಿ, ಹರೆಯದಲ್ಲೇ ಅಮೆರಿಕಕ್ಕೆ ಬಂದು, ಕೆಂಟಕಿಯ ಮದ್ಯದ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆದವನು. ತಂಡದ ಹಳೆಯ ಮೈದಾನಕ್ಕೆ ಹೊಳೆಯ ನೀರು ನುಗ್ಗುತ್ತಿತ್ತು. ಮರದ ಅಟ್ಟಣೆಗಳ ಆ ಕಾಲದಲ್ಲಿ ಅವನು ಉಕ್ಕು, ಕಾಂಕ್ರೀಟುಗಳಿಂದ ಹೊಸ ಕ್ರೀಡಾಂಗಣವನ್ನು ಕೆಲವೇ ತಿಂಗಳಲ್ಲಿ ಎಬ್ಬಿಸಿದ. ಊರಿನ ನಡುವಿನಿಂದ ಅಷ್ಟು ದೂರ ಯಾರು ಬಂದಾರು ಎಂದು ಜನ ಆಡಿಕೊಂಡರು. 1909ರ ಜೂನ್ 30ರಂದು, ಮೊದಲ ದಿನವೇ, 30,338 ಮಂದಿ ಬಂದರು! ಅದೇ ವರ್ಷ ಪೈರೇಟ್ಸ್ ವರ್ಲ್ಡ್ ಸೀರೀಸನ್ನೂ ಗೆದ್ದಿತು. ಬೇಸ್‌ಬಾಲ್ ಪಂದ್ಯವೊಂದು ರೇಡಿಯೊದಲ್ಲಿ ಮೊಟ್ಟಮೊದಲು ಬಿತ್ತರವಾದದ್ದೂ ಇಲ್ಲಿಂದಲೇ, 1921ರಲ್ಲಿ.

ಈ ಅಂಗಳಕ್ಕೆ ಒಂದು ಕಹಿ ನೆನಪೂ ಉಂಟು. ಕರಿಯರಿಗೆ ಆಗ ದೊಡ್ಡ ಲೀಗಿನಲ್ಲಿ ಪ್ರವೇಶವಿರಲಿಲ್ಲ. ಪೈರೇಟ್ಸ್ ಪರವೂರಿಗೆ ಹೋದ ದಿನಗಳಲ್ಲಿ ಹೋಮ್‌ಸ್ಟೆಡ್ ಗ್ರೇಸ್ ಎಂಬ ಅವರ ತಂಡ ಇದೇ ಹುಲ್ಲಿನ ಮೇಲೆ ಆಡುತ್ತಿತ್ತು. ಅದರ ಮಹಾ ದಾಂಡಿಗ ಜಾಷ್ ಗಿಬ್ಸನ್ 1947ರ ಜನವರಿಯಲ್ಲಿ, 35ನೆಯ ವಯಸ್ಸಿಗೇ ತೀರಿಕೊಂಡ. ಅದೇ ಏಪ್ರಿಲ್‌ನಲ್ಲಿ ಜಾಕಿ ರಾಬಿನ್‌ಸನ್ ಬ್ರೂಕ್ಲಿನ್ ತಂಡಕ್ಕೆ ಆಡಿದ, ಬಾಗಿಲು ತೆರೆಯಿತು. ಮೂರೇ ತಿಂಗಳ ಅಂತರ! 1955ರಲ್ಲಿ ಪೋರ್ಟೊರಿಕೋದಿಂದ ಬಂದ ರಾಬರ್ಟೊ ಕ್ಲೆಮೆಂಟೆ ಪೈರೇಟ್ಸ್ ಪರವಾಗಿಯೇ ಇಲ್ಲಿ ಆಡಿ ಊರಿನ ಕಣ್ಮಣಿಯಾದ.

1970ರಲ್ಲಿ ತಂಡ ಹೊಸ ಕ್ರೀಡಾಂಗಣಕ್ಕೆ ಹೋಯಿತು. ಬೆಂಕಿಗೂ ಸಿಕ್ಕಿದ ಹಳೆಯದನ್ನು 1971ರಲ್ಲಿ ಕೆಡವಲಾಯಿತು. ವಿಶ್ವವಿದ್ಯಾಲಯದ ಕಟ್ಟಡ ಆ ನೆಲದ ಮೇಲೆ ಎದ್ದಿತು. ದಾಂಡಿಗ ನಿಲ್ಲುತ್ತಿದ್ದ ಜಾಗದ ಗುರುತಾದ ‘ಹೋಮ್ ಪ್ಲೇಟ್’ ಎಂಬ ಫಲಕ ಅದರ ನೆಲಗಟ್ಟಿನಲ್ಲಿ ಗಾಜಿನಡಿ ಕುಳಿತಿದೆ. ವಿಚಿತ್ರವೆಂದರೆ, ಇದನ್ನು ಬಿಟ್ಟು ಹೋದ ಆ ಹೊಸ ಕ್ರೀಡಾಂಗಣವೂ 2001ರಲ್ಲಿ ನೆಲಸಮವಾಯಿತು. ಗೋಡೆಯ ಈ ತುಂಡು ಮಾತ್ರ ನಿಂತಿದೆ.

1985ರಲ್ಲಿ ಅಭಿಮಾನಿಯೊಬ್ಬ ಒಂಟಿಯಾಗಿ ಬಂದು ಇಲ್ಲಿ ಹಳೆಯ ಧ್ವನಿಮುದ್ರಿಕೆ ಹಾಕಿಕೊಂಡು ಕೇಳಿದನಂತೆ. ಈಗ ಅದು ಪ್ರತಿವರ್ಷದ ಪದ್ಧತಿ. ಆಟದ ಗಳಿಗೆಗಳು ಗಡಿಯಾರಕ್ಕೆ ಸರಿಹೊಂದುವಂತೆ ಅದನ್ನು ಶುರುಮಾಡುತ್ತಾರೆ. ನ್ಯೂಯಾರ್ಕಿನ ಯಾಂಕೀಸ್ ಎದುರು ಕೊನೆಯ ಸರದಿ, 9–9ರ ಸಮ. ಸರಿಯಾಗಿ 3 ಗಂಟೆ 36 ನಿಮಿಷಕ್ಕೆ ಬಿಲ್ ಮಜರಾಸ್ಕಿಯ ಹೋಮ್ ರನ್, ನಮ್ಮ ಸಿಕ್ಸರಿನ ಅಣ್ಣ ಎನ್ನಿ, ಎಡಗೋಡೆಯನ್ನು ದಾಟಿತು. ಫಲಿತಾಂಶ ಬಲ್ಲವರೇ ಎಲ್ಲರೂ. ಆದರೂ ಎದ್ದು ನಿಂತು ಕೂಗಿದರು.

ಪಕ್ಕದ ಮುದುಕರು ಈಗ ಬೇರೆ ರಾಜ್ಯದಲ್ಲಿದ್ದಾರೆ. ಈ ದಿನಕ್ಕೆಂದೇ ಬರುತ್ತಾರೆ. ಮನೆಯಲ್ಲೇ ಕೇಳಬಹುದಲ್ಲ ಎಂದು ಮಗನಿಂದ ಕೇಳಿಸಿದೆ. “ಮನೆಯಲ್ಲಿ ಅದು ಬರೀ ಟೇಪು” ಎಂದರು.

ಹಿಂತಿರುಗುವಾಗ ಕಾರಿನಲ್ಲಿ ನನ್ನಾಕೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು: “ನಾವು ಮೊದಲು ಬಿಡಾರ ಹೂಡಿದ ಮಾಟುಂಗಾದ ಚಾಳು ಕೆಡವಿದರಲ್ಲ, ಅದರ ಒಂದು ಇಟ್ಟಿಗೆಯನ್ನಾದರೂ ಯಾರಾದರೂ ಇಟ್ಟುಕೊಂಡರೇನು?”

ಆ ಚಾಳಿನಲ್ಲೇ ಹುಟ್ಟಿದ ನಮ್ಮ ಮಗ ಸುಮ್ಮನೆ ಕಾರು ಓಡಿಸುತ್ತಿದ್ದ. ನನಗೂ ಉತ್ತರ ಹೊಳೆಯಲಿಲ್ಲ.