ಮಗಳು ಕುದಿಸಿದ ಕಹಿ

ನನ್ನ ಮಗಳು ಬೆಂಗಳೂರಾಗ ಬಿಯರ್ ಕುದಸೋ ಕೆಲಸಾ ಮಾಡ್ತಾಳ. ನಮ್ಮನಿಯವರು ಬಳಗದವರ ಮುಂದ ಅದನ್ನ "ಫುಡ್ ಕಂಪನಿ" ಅಂತಾರ. ವರಾ ನೋಡೋದೈತಲ್ಲ!

ಈ ಸಲ ಹೋದಾಗ ತಾನು ಮಾಡಿದ ಇಂಡಿಯಾ ಪೇಲ್ ಏಲ್ ಸಣ್ಣ ಗ್ಲಾಸಿಗೆ ಹಾಕಿ, "ಅವ್ವಾ, ಒಂದ ಗುಟುಕು" ಅಂದ್ಲು. ತೆಳು ಬೆಲ್ಲದ ನೀರಿನ ಬಣ್ಣ. ಮೂಗಿಗೆ ಕಿತ್ತಳಿ ಸಿಪ್ಪಿ ವಾಸನಿ. ನಾಲಿಗಿ ಮ್ಯಾಲ ಮೊದಲು ಹುರಿದ ಗೋದಿಯಂಥಾ ಸಿಹಿ, ಹಿಂದ ಗಂಟಲತನಕಾ ಕಹಿ. ಸೀದ ಮೆಂತ್ಯದ ಕಹಿ ಅಲ್ಲ, ಎಳೀ ಹಾಗಲಕಾಯಿದು.

ಆ ಕಹಿ ಹಾಪ್ಸ್ ಅನ್ನೋ ಬಳ್ಳಿ ಹೂವಿಂದು. ಒಂದು ತಾಸು ಕುದಿಸಿದ್ರ ಕಹಿ ಬಿಡತೈತಿ, ಕಡೀಗೆ ಹಾಕಿದ್ರ ವಾಸನಿ ಉಳಿತೈತಿ. ನಾವು ಸಾರು ಇಳಿಸೋ ಮುಂದ ಕೊತ್ತಂಬರಿ ಹಾಕೂದೂ ಅದಕ್ಕ ಅಲ್ಲೇನ್ರಿ? 18ನೇ ಶತಮಾನದ ಕಡೀಗೆ ಲಂಡನ್ನಿಂದ ಹಡಗಿನಾಗ ನಮ್ಮ ದೇಶಕ್ಕ ಬರೋ ಬಿಯರ್ ಕೆಡಬಾರದಂತ ಹಾಪ್ಸ್ ಜಾಸ್ತಿ ಹಾಕ್ತಿದ್ರು, ಉಪ್ಪಿನಕಾಯಿಗೆ ನಾವು ಉಪ್ಪು ಮುಂದ ಮಾಡಿದಂಗ.

ನನಗ ಇನ್ನೊಂದು ಗ್ಲಾಸ್ ಬ್ಯಾಡ. ಖರೆ, ಹದಾ ತಿಳಿದ ಕೈ ಯಾವುದಂತ ಅಡಿಗಿ ಮಾಡೋರಿಗೆ ಗೊತ್ತಾಗತೈತಿ. ವರನ ಕಡಿಯವರು ಬಂದ್ರ ನಾನ ಹೇಳಾಕಿ: ಹುಡುಗಿ ಬಿಯರ್ ಕುದಸ್ತಾಳ್ರಿ, ಚಲೋ ಕುದಸ್ತಾಳ.